ಹೆಚ್ಚಿಗೆ ಇಟ್ಟ ತಟ್ಟೆ

ಲೆಶೆಕ್‌ನ ತಲೆಯೊಳಗಿನ ಗಡ್ಡೆ ಎರಡನೇ ಸಲ ಚಿಗುರಿದೆ ಎಂಬ ಸುದ್ದಿ ಆರ್ಚರ್ ರಸ್ತೆಯಲ್ಲಿ ಎಷ್ಟು ಬೇಗ ಹಬ್ಬಿತೆಂದರೆ, ಅವನ ಹೆಂಡತಿ ಇರ್ಮಿನಾ ಆಸ್ಪತ್ರೆಯಿಂದ ಮನೆ ಮುಟ್ಟುವ ಹೊತ್ತಿಗೆ ಮೆಟ್ಟಿಲ ಮೇಲೆ ಮೂರು ಮನೆಗಳ ಸೂಪಿನ ಪಾತ್ರೆಗಳು ಬಂದು ಕೂತಿದ್ದವು. ಶಿಕಾಗೋದ ಆ ಭಾಗದ ಪೋಲಿಷ್ ಜನವೇ ಹಾಗೆ. ಕಷ್ಟ ಎಂದರೆ ಪಾತ್ರೆ ಹಿಡಿದು ಓಡಿ ಬರುತ್ತಾರೆ, ಜಗಳ ಎಂದರೆ ಹತ್ತು ವರ್ಷ ಮುಖ ನೋಡುವುದಿಲ್ಲ. ಲೆಶೆಕ್‌ನ ಒಡಹುಟ್ಟಿದ ತಮ್ಮ ಮಿರೆಕ್ ನಾಲ್ಕು ಬೀದಿ ಆಚೆಗೇ ಇದ್ದ. ಅವನ ಮನೆಯಿಂದ ಸೂಪೂ ಬರಲಿಲ್ಲ, ಫೋನೂ ಬರಲಿಲ್ಲ.

ಅದು ಹನ್ನೊಂದು ವರ್ಷದ ಜಗಳ. ಊರಿನಲ್ಲಿ, ಅಂದರೆ ಪೋಲೆಂಡಿನ ತಾತ್ರಾ ಬೆಟ್ಟದ ಬುಡದಲ್ಲಿ, ಇವರ ತಾಯಿ ತೀರಿಕೊಂಡಾಗ ಮಿರೆಕ್ ಮೊದಲು ಹೋದ. ಹಿಮ ಬಿದ್ದು ವಿಮಾನಗಳೆಲ್ಲ ನಿಂತು ಲೆಶೆಕ್ ಒಂದು ದಿನ ತಡವಾಗಿ ಮುಟ್ಟಿದ. ಅಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. "ಒಂದು ದಿನ ಕಾಯೋಕಾಗ್ಲಿಲ್ವೇನೋ ನಿಂಗೆ?" ಎಂದು ಹಸಿ ಮಣ್ಣಿನ ಪಕ್ಕದಲ್ಲಿ ನಿಂತು ಕೇಳಿದ್ದೇ ಕೊನೆ. ಆಮೇಲೆ ಇಬ್ಬರೂ ಅದೇ ಚರ್ಚಿಗೆ ಹೋಗುತ್ತಿದ್ದರು; ಆದರೆ ಒಬ್ಬ ಬೆಳಗಿನ ಪೂಜೆಗೆ, ಒಬ್ಬ ಮಧ್ಯಾಹ್ನದ ಪೂಜೆಗೆ. ಮೂಗಿನ ತುದಿಯಲ್ಲೇ ಇದ್ದುಕೊಂಡು ಹನ್ನೊಂದು ವರ್ಷ ಒಬ್ಬರಿಗೊಬ್ಬರು ಕಾಣದ ಹಾಗೆ ಬದುಕುವುದಕ್ಕೆ ಎಂಥ ಹಟ ಬೇಕು ನೋಡಿ.

ಎರಡು ದೊಡ್ಡಾಸ್ಪತ್ರೆಗಳು "ಮನೆಗೆ ಕರ್ಕೊಂಡು ಹೋಗಿ, ಇಷ್ಟಪಟ್ಟಿದ್ದು ತಿನ್ನೋಕೆ ಕೊಡಿ" ಎಂದು ಕೈಚೆಲ್ಲಿದ್ದವು. ಮೂರನೆಯದು ಮಾತ್ರ ಒಂದು ಬಾಗಿಲನ್ನು ಕೊಂಚ ತೆರೆದಿತ್ತು. ಹೊಸ ಚಿಕಿತ್ಸೆ, ಇನ್ನೂ ಪರೀಕ್ಷೆಯಲ್ಲಿರುವುದು, ಗುಣವಾಗುತ್ತದೆಂಬ ಭರವಸೆ ಯಾರೂ ಕೊಡಲಾರರು. ಆ ಪರೀಕ್ಷೆಯ ಪಟ್ಟಿಯಲ್ಲಿ ಲೆಶೆಕ್‌ಗೆ ಒಂದು ಜಾಗ ಸಿಕ್ಕಿತ್ತು. ಇರ್ಮಿನಾಳ ಜೀವ ಪೂರ್ತಿ ಆ ಒಂದು ಜಾಗದ ಮೇಲೆ ನಿಂತಿತ್ತು.

ಅದನ್ನೆಲ್ಲ ತಿಳಿಸಿ ಹೇಳಿದವಳು ಟಮೇಕಾ ಎಂಬ ನರ್ಸು. ಎತ್ತರದ ಹೆಂಗಸು, ಬಾಯಿ ತುಂಬ ನಗು, ಮಾತು ಮಾತ್ರ ನೇರ.

"ನಿಮ್ಮ ಗಡ್ಡೆ ಬೇರು ಬಿಟ್ಟಿದೆ ಲೆಶೆಕ್. ಕೊಯ್ದು ತೆಗೆದ್ರೂ ಎಲ್ಲೆಲ್ಲೋ ಚೂರು ಉಳ್ಕೊಳತ್ತೆ. ಅದನ್ನ ಹುಡುಕ್ಕೊಂಡು ಹೋಗೋಕೆ ಡಾಕ್ಟರ್ ಕೈಲಿ ಆಗಲ್ಲ. ಈ ಸ್ಟೆಮ್ ಸೆಲ್ ಅಂತಾರಲ್ಲ, ಲ್ಯಾಬಲ್ಲಿ ಬೆಳೆಸಿರೋ ಎಳೇ ಜೀವಕೋಶಗಳು, ಅವುಗಳ ಕೈಲಿ ಆಗತ್ತೆ. ಗಡ್ಡೆ ಎಲ್ಲಿದ್ರೆ ಅಲ್ಲಿಗೆ ತೆವಳ್ಕೊಂಡು ಹೋಗ್ತವೆ. ಅವುಗಳ ಹೊಟ್ಟೇಲಿ ವೈರಸ್ ತುಂಬಿ, ಆಪರೇಷನ್ ಮಾಡಿ ಕೊಯ್ದ ಜಾಗಕ್ಕೇ ಬಿಡ್ತೀವಿ."

"ವೈರಸ್ಸಾ? ಯಾವುದು?" ಎಂದು ಇರ್ಮಿನಾ ಗಾಬರಿಯಾದಳು.

"ಶೀತದ್ದು. ನೆಗಡಿ ಬರ್ಸತ್ತಲ್ಲ, ಅದೇ ಜಾತಿದು. ಲ್ಯಾಬಲ್ಲಿ ಅದರ ಬುದ್ಧಿ ತಿದ್ದಿದಾರೆ. ಕ್ಯಾನ್ಸರ್ ಕೋಶ ಸಿಕ್ಕಿದ್ರೆ ಮಾತ್ರ ಒಳಗೆ ಹೊಕ್ಕು ಒಡೆದು ಹಾಕತ್ತೆ."

"ಹೊತ್ಕೊಂಡು ಹೋದವು ಏನಾಗ್ತವೆ?" ಎಂದು ಕೇಳಿದ ಲೆಶೆಕ್. ಮೂವತ್ತು ವರ್ಷ ಬೇಕರಿಯ ವ್ಯಾನು ಓಡಿಸಿ ಊರಿಗೆಲ್ಲ ಬ್ರೆಡ್ಡು ಹಂಚಿದವನು ಅವನು. ಸಾಮಾನಿಗಿಂತ ಹೊತ್ತವರ ಮೇಲೆಯೇ ಅವನ ಕಣ್ಣು.

"ಅವೂ ಸಾಯ್ತವೆ. ವೈರಸ್ಸು ಅವನ್ನೂ ಬಿಡಲ್ಲ."

"ಲೋಡ್ ಇಳಿಸಿ ಡ್ರೈವರ್ ಸಾಯೋದಾ? ಇದ್ಯಾವ ನ್ಯಾಯ ತಾಯಿ! ಇವಕ್ಕೆ ಯೂನಿಯನ್ ಇಲ್ವಾ?"

ಟಮೇಕಾ ಬಿದ್ದು ಬಿದ್ದು ನಕ್ಕಳು. ಆವತ್ತಿನಿಂದ ಆ ವಿಭಾಗದಲ್ಲಿ ಎಲ್ಲರೂ ಅವನ ಜೀವಕೋಶಗಳನ್ನು "ಲೆಶೆಕ್‌ನ ಡ್ರೈವರ್‌ಗಳು" ಎಂದೇ ಕರೆಯತೊಡಗಿದರು. ನಗು ಮುಗಿದ ಮೇಲೆ ಅವಳು ಇರ್ಮಿನಾಳ ಕೈ ಹಿಡಿದು ಇನ್ನೂ ಎರಡು ಮಾತು ಹೇಳಿದಳು. ಒಂದು, ಗಡ್ಡೆ ಇರುವುದು ಮಾತಿನ ಜಾಗದ ಪಕ್ಕದಲ್ಲಿ. ಶಸ್ತ್ರಚಿಕಿತ್ಸೆಯ ನಂತರ ಇವನಿಗೆ ಮಾತು ಬಾರದೆ ಹೋಗಬಹುದು. ಇನ್ನೊಂದು, ಊತಕ್ಕೆಂದು ಕೊಡುತ್ತಿರುವ ಮಾತ್ರೆಗಳಿಂದ ಮೈಯಲ್ಲಿ ರೋಗ ತಡೆಯುವ ಶಕ್ತಿ ಇಲ್ಲ. "ಕೆಮ್ಮು, ಶೀತ ಇರೋರನ್ನ ಹತ್ರಕ್ಕೇ ಬಿಡ್ಬೇಡಿ. ಜ್ವರ ಬಂದ್ರೆ ತಲೆ ತೆರೆಯೋ ಹಾಗಿಲ್ಲ. ಆಪರೇಷನ್ ದಿನ ಬೆಳಗ್ಗೇನೇ ಲ್ಯಾಬಲ್ಲಿ ವೈರಸ್ ತುಂಬ್ತಾರೆ. ಒಂದ್ಸಲ ತುಂಬಿದ್ರೆ ಆ ಕೋಶಗಳಿಗೆ ಕೆಲವೇ ಗಂಟೆ ಆಯಸ್ಸು. ನಾಳೆಗೆ ಅಂತ ಎತ್ತಿಡೋಕಾಗಲ್ಲ."

ದಿನವನ್ನು ಡಿಸೆಂಬರ್ ಇಪ್ಪತ್ತೆಂಟಕ್ಕೆ ಗೊತ್ತುಮಾಡಿದರು. ಕ್ರಿಸ್‌ಮಸ್ ಕಳೆದು ಮೂರನೇ ದಿನ.

ಮಗಳು ದೊರೋತಾ ಅಪ್ಪನನ್ನು ಕಾಯಲು ನಿಂತಳು. ಬಾಗಿಲ ಬಳಿ ಮಾಸ್ಕಿನ ಡಬ್ಬಿ ಇಟ್ಟಳು, ಕೈ ತೊಳೆಯುವ ದ್ರವ ಇಟ್ಟಳು, ಸೂಪು ತಂದ ನೆರೆಯವರನ್ನು ಮೆಟ್ಟಿಲಿನಿಂದಲೇ ಸಾಗಹಾಕಿದಳು. "ಈ ವರ್ಷ ವಿಗಿಲ್ಯಾ ಊಟ ಇಲ್ಲ" ಎಂದೂ ಹೇಳಿಬಿಟ್ಟಳು.

ಇರ್ಮಿನಾಳ ಪಿತ್ತ ನೆತ್ತಿಗೇರಿತು. ಕ್ರಿಸ್‌ಮಸ್ಸಿನ ಹಿಂದಿನ ಸಂಜೆಯ ಊಟ ಇಲ್ಲದ ಮನೆಯೂ ಒಂದು ಮನೆಯೇ? "ನಿಮ್ಮಪ್ಪನ್ನ ಈಗ್ಲೇ ಗುಂಡಿಗೆ ಇಳಿಸ್ಬಿಡ್ತೀಯೇನೇ?"

"ಅಮ್ಮಾ, ಇಡೀ ಬೀದಿ ಬಂದು ಕೆನ್ನೆಗೆ ಮುತ್ತು ಕೊಟ್ಟು ಹೋಗತ್ತೆ. ಅದರಲ್ಲಿ ಒಬ್ಬರಿಗೆ ನೆಗಡಿ ಇದ್ರೆ ಸಾಕು."

"ಯಾರನ್ನೂ ಕರೆಯಲ್ಲ. ನಾವು ಮೂರೇ ಜನ. ಆಯ್ತಾ?"

ಆಯಿತು ಎಂದಳು ದೊರೋತಾ. ಆದರೆ ಇರ್ಮಿನಾಳ ಮನಸ್ಸಿನಲ್ಲಿ ಬೇರೊಂದು ಹುಳು ಹೊಕ್ಕು ಕೊರೆಯುತ್ತಿತ್ತು. ಲೆಶೆಕ್ ಈಚೆಗೆ ಮಧ್ಯಾಹ್ನದ ನಿದ್ದೆಯಲ್ಲಿ ತಮ್ಮನ ಹೆಸರು ಹಿಡಿದು ಕರೆಯುತ್ತಿದ್ದ. ಎಚ್ಚರವಾದಾಗ ಕೇಳಿದರೆ, "ಯಾವ ಮಿರೆಕ್? ನಂಗ್ಯಾರೂ ಗೊತ್ತಿಲ್ಲ" ಎಂದು ಮುಖ ತಿರುಗಿಸುತ್ತಿದ್ದ. ಇಪ್ಪತ್ತೆಂಟರ ನಂತರ ಇವನಿಗೆ ಮಾತೇ ಇಲ್ಲದೆ ಹೋದರೆ? ಹನ್ನೊಂದು ವರ್ಷದ ಸಿಟ್ಟು ಬಾಯೊಳಗೇ ಉಳಿದು ಹೋಗುತ್ತದಲ್ಲ. ಅವಳು ನೆಲಮಾಳಿಗೆಗೆ ಇಳಿದು, ಬಟ್ಟೆ ಒಗೆಯುವ ಮಷಿನ್ ಹಾಕಿ, ಆ ಸದ್ದಿನ ಮರೆಯಲ್ಲಿ ಮಿರೆಕ್‌ಗೆ ಫೋನು ಮಾಡಿ ಹಬ್ಬದೂಟಕ್ಕೆ ಕರೆದಳು. ಆ ಕಡೆಯವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಪೂರ್ತಿ ಕೇಳಿಸಿಕೊಂಡು ಫೋನಿಟ್ಟ.

ಇಪ್ಪತ್ತನಾಲ್ಕರ ಸಂಜೆ ಪದ್ಧತಿಯಂತೆ ಮೇಜುಬಟ್ಟೆಯ ಕೆಳಗೆ ಒಣಹುಲ್ಲು ಹರಡಿ ಅವಳು ನಾಲ್ಕು ತಟ್ಟೆ ಇಟ್ಟಳು. ಮೂರು ಜನಕ್ಕೆ ಮೂರು, ಹೆಚ್ಚಿಗೆ ಒಂದು. ಆ ಒಂದು ತಟ್ಟೆ ಹೇಳದೆ ಕೇಳದೆ ಬರುವವರಿಗೆ. ಯಾರೇ ಬಂದು ಗಂಟೆ ಒತ್ತಲಿ, ಆ ಸಂಜೆ ಅವರನ್ನು ಬಾಗಿಲಿನಿಂದ ಕಳಿಸುವಂತಿಲ್ಲ. ವರ್ಷ ವರ್ಷ ಇಡುತ್ತಾರೆ, ಯಾರೂ ಬರುವುದಿಲ್ಲ, ಊಟವಾದ ಮೇಲೆ ತೊಳೆಯದೆಯೇ ಎತ್ತಿಡುತ್ತಾರೆ. ಮೊದಲ ನಕ್ಷತ್ರ ಕಾಣುವವರೆಗೂ ಊಟಕ್ಕೆ ಕೂರುವಂತಿಲ್ಲವೆಂದು ಲೆಶೆಕ್ ಕಿಟಕಿಗೆ ಹಣೆ ಹಚ್ಚಿ ನಿಂತಿದ್ದ. ಮೋಡ ಕವಿದು ಏನೂ ಕಾಣದು.

"ಅಪ್ಪಾ, ಅಗೋ ಮಿಡ್‌ವೇ ಏರ್‌ಪೋರ್ಟಿಗೆ ಇಳೀತಿರೋ ವಿಮಾನ. ಅದನ್ನೇ ನಕ್ಷತ್ರ ಅಂದ್ಕೊಂಡು ಬಾ, ಬೀಟ್‌ರೂಟ್ ಸಾರು ಆರಿ ಹೋಗ್ತಿದೆ" ಎಂದಳು ದೊರೋತಾ.

ಆಗಲೇ ಬಾಗಿಲ ಗಂಟೆ ಬಡಿಯಿತು.

ತೆರೆದವಳು ಇರ್ಮಿನಾ. ಮಿರೆಕ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದ. ಛಾವಣಿ ಹೊದಿಸುವ ಕೆಲಸದವನ ಅಗಲ ಭುಜ, ಅಣ್ಣನದೇ ಗಲ್ಲ. ಮೂಗು ಕೆಂಪಾಗಿ ಸೋರುತ್ತಿತ್ತು. ಬಾಯಿ ತೆರೆಯುವ ಮೊದಲೇ ಪಕ್ಕಕ್ಕೆ ತಿರುಗಿ ಕೆಮ್ಮಿದ.

"ಅತ್ತಿಗೆ, ನಂಗೆ ಸ್ವಲ್ಪ ನೆಗಡಿ. ಒಳಗೆ ಬರಲ್ಲ. ಇಲ್ಲಿಂದ್ಲೇ ಅವನ ಮುಖ ನೋಡ್ಕೊಂಡು ಹೋಗ್ತೀನಿ."

ಇರ್ಮಿನಾಳಿಗೆ ಟಮೇಕಾ ಹೇಳಿದ ಒಂದೊಂದು ಅಕ್ಷರವೂ ನೆನಪಿತ್ತು. ಹಿಂದಿನಿಂದ ದೊರೋತಾ ಬಂದು ತೋಳು ಹಿಡಿದು, "ಅಮ್ಮಾ, ಬೇಡ. ಕೈ ಮುಗೀತೀನಿ, ಬೇಡ" ಎಂದಳು. ಅಷ್ಟರಲ್ಲಿ ಒಳಗೆ ಕುರ್ಚಿ ಎಳೆದ ಸದ್ದಾಯಿತು. ಮೇಜು ಹಿಡಿದುಕೊಂಡು ಎದ್ದು ನಿಂತ ಲೆಶೆಕ್ ಬಾಗಿಲ ಕಡೆ ನೋಡುತ್ತಿದ್ದ. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಜಾತ್ರೆಯಲ್ಲಿ ಕಳೆದುಹೋದ ಮಗು ಮನೆಯವರನ್ನು ಕಂಡಾಗ ಹೇಗೆ ನೋಡುತ್ತದೋ ಹಾಗೆ ನೋಡುತ್ತಿದ್ದ. ಈ ಹೆಂಗಸಿಗೆ ಬುದ್ಧಿ ಇರಲಿಲ್ಲವೇ ಎಂದು ಕೇಳುವವರು ಕೇಳಿಕೊಳ್ಳಲಿ. ಆ ಮುಖದ ಮುಂದೆ ಬಾಗಿಲು ಹಾಕುವ ಗಟ್ಟಿಗರು ಯಾರಿದ್ದಾರೋ ಅವರೇ ಉತ್ತರ ಹೇಳಲಿ.

"ಬಾ ಮಿರೆಕ್, ತಟ್ಟೆ ಇಟ್ಟಿದೆ" ಎಂದಳು ಇರ್ಮಿನಾ.

ದೊರೋತಾ ಹಲ್ಲು ಕಚ್ಚಿಕೊಂಡು ಚಿಕ್ಕಪ್ಪನ ಮುಖಕ್ಕೆ ಮಾಸ್ಕ್ ಹಾಕಿಸಿದಳು, ಮೇಜಿನ ಆ ತುದಿಗೆ ಕೂರಿಸಿದಳು, ಕೊರೆಯುವ ಚಳಿಯಲ್ಲೂ ಕಿಟಕಿ ತೆರೆದಳು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಊಟಕ್ಕೆ ಮೊದಲು ಒಪ್ವಾತೆಕ್ ಹಂಚಿಕೊಳ್ಳಬೇಕಲ್ಲ. ಹಪ್ಪಳಕ್ಕಿಂತ ತೆಳುವಾದ ಬಿಳಿ ರೊಟ್ಟಿ ಅದು. ಪ್ರತಿಯೊಬ್ಬರೂ ಪ್ರತಿಯೊಬ್ಬರ ಕೈಯಲ್ಲಿರುವುದರಿಂದ ಒಂದು ಚೂರು ಮುರಿದು ತಿಂದು, ಬರುವ ವರ್ಷಕ್ಕೆ ಹರಸಿ, ಮುತ್ತು ಕೊಡಬೇಕು. ಮುರಿಯದೆ ಬಿಟ್ಟವರಿಗೆ ಕ್ಷಮೆ ಇಲ್ಲವೆಂದೇ ಲೆಕ್ಕ.

ಲೆಶೆಕ್ ಮೇಜನ್ನು ಹಿಡಿಹಿಡಿದು ಆ ತುದಿಗೆ ಹೋದ.

"ಹನ್ನೊಂದು ವರ್ಷ ಆದ್ಮೇಲೆ ಬಂದಿದೀಯ. ಮೂತಿ ಕಟ್ಕೊಂಡು ಬಂದಿದೀಯಲ್ಲೋ ಕತ್ತೆ" ಎಂದು ಆ ಮಾಸ್ಕನ್ನು ತಾನೇ ಕೆಳಗೆಳೆದ.

"ಅಣ್ಣಾ, ನಂಗೆ ನೆಗಡಿ..."

"ನಿಂಗೆ ಯಾವಾಗ ನೆಗಡಿ ಇರ್ಲಿಲ್ಲ? ಒಂದೇ ಕಂಬಳೀಲಿ ಮಲಗಿದ್ವಿ, ನಿನ್ನ ಸಿಂಬಳ ಎಲ್ಲಾ ನನ್ನ ತೋಳಿಗೇ ಒರೆಸ್ತಿದ್ದೆ."

ಮಿರೆಕ್‌ನ ಬಾಯಿ ಸೊಟ್ಟಗಾಯಿತು. "ಅಮ್ಮನಿಗೆ ಮಣ್ಣು ಕೊಡೋಕೆ ನಿಂಗೋಸ್ಕರ ಕಾಯ್ಬೇಕಿತ್ತು ಅಣ್ಣ. ಕಾಯ್ಲಿಲ್ಲ."

"ಕಾಯ್ಲಿಲ್ಲ. ತಪ್ಪು ಮಾಡ್ದೆ. ಈಗ ಮುರಿ."

ಮುರಿದರು. "ಆರೋಗ್ಯವಾಗಿರು ಅಣ್ಣ, ಅದೊಂದೇ ನಾನು ಕೇಳ್ಕೊಳ್ಳೋದು" ಎಂದು ಮಿರೆಕ್ ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಅವನ ಕತ್ತಿನಲ್ಲಿ ಮುಖ ಹುದುಗಿಸಿ ಅತ್ತ. ಇರ್ಮಿನಾ ಎರಡು ಹೆಜ್ಜೆ ಮುಂದಿಟ್ಟಿದ್ದರೆ ಅವರನ್ನು ಬಿಡಿಸಬಹುದಿತ್ತು. ಅವಳು ನಿಂತಲ್ಲೇ ನಿಂತು ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅಣಬೆ ತುಂಬಿದ ಕಡುಬು ಬಡಿಸಿದಳು, ಮೀನು ಬಡಿಸಿದಳು, ಅಣ್ಣ ತಮ್ಮ ಊರಿನ ಕುರಿಗಳ ಹೆಸರನ್ನೆಲ್ಲ ನೆನೆದು ನಕ್ಕರು. ಆ ಮನೆಯಲ್ಲಿ ಅಂಥ ಸಂಜೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಇಪ್ಪತ್ತೇಳರ ಸಂಜೆ ಲೆಶೆಕ್ ಗಂಟಲು ಸವರಿಕೊಂಡ. "ಏನಾಯ್ತು?" ಎಂದಳು ಇರ್ಮಿನಾ. "ಮೀನಿನ ಮುಳ್ಳು ಗೀಚಿರ್ಬೇಕು" ಎಂದ. ಮೀನು ತಿಂದು ಮೂರು ದಿನವಾಗಿತ್ತು. ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ಆದರೂ ಇಬ್ಬರೂ ಮೀನಿನ ಮುಳ್ಳನ್ನೇ ನಂಬಿ ಮಲಗಿದರು.

ಮರುದಿನ ಬೆಳಗ್ಗೆ ಆಸ್ಪತ್ರೆಯಲ್ಲಿ ಟಮೇಕಾ ಜ್ವರದ ಕಡ್ಡಿ ನೋಡಿದಳು. ಇನ್ನೊಂದು ಕಡ್ಡಿ ತಂದಳು. ಅದನ್ನೂ ನೋಡಿ ಮಂಚದ ಪಕ್ಕದಲ್ಲಿ ಕೂತುಬಿಟ್ಟಳು. "ಯಾರ ಹತ್ರ ಹೋಗಿದ್ರಿ?" ಎಂದು ಕೇಳುವಾಗ ಅವಳ ದನಿ ಸಣ್ಣದಾಗಿತ್ತು. ಮೂಗಿಗೆ ಹತ್ತಿಕಡ್ಡಿ ಹಾಕಿ ಪರೀಕ್ಷೆಗೆ ತೆಗೆದುಕೊಂಡು ಹೋದರು, ಎದೆಯ ಚಿತ್ರ ತೆಗೆದರು. ಶಸ್ತ್ರಚಿಕಿತ್ಸೆ ಮಾಡಬೇಕಿದ್ದ ಡಾಕ್ಟರ್ ಹಾಲ್ವರ್ಸನ್ ಹಸಿರು ಟೋಪಿಯಲ್ಲೇ ಬಂದು, ಇಂಥ ಜ್ವರದಲ್ಲಿ ತಲೆ ತೆರೆದರೆ ಮೇಜಿನ ಮೇಲೇ ಹೋಗಿಬಿಡಬಹುದು, ಆಗುವುದಿಲ್ಲ, ಎಂದು ಮೆಲ್ಲಗೆ ಹೇಳಿ ಲೆಶೆಕ್‌ನ ಪಾದ ಸವರಿ ಹೋದರು.

"ಸಂಜೆವರೆಗೂ ಕಾಯಿರಿ! ಜ್ವರ ಇಳಿಸ್ತೀನಿ ನಾನು! ಒದ್ದೆ ಬಟ್ಟೆ ಹಾಕ್ತೀನಿ!" ಎಂದು ಇರ್ಮಿನಾ ಅವರ ಹಿಂದೆ ಓಡಿದಳು. ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಒಂದು ತಳ್ಳುಗಾಡಿ, ಅದರ ಮೇಲೆ ಆ ಜೀವಕೋಶಗಳನ್ನಿಟ್ಟ, ಊಟದ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆ ಇತ್ತು. ಲ್ಯಾಬಿನವನೊಬ್ಬ ಅದರ ಪಕ್ಕದಲ್ಲಿ ನಿಂತಿದ್ದ. ಅವಳು ಆ ಪೆಟ್ಟಿಗೆಯ ಮೇಲೆ ಕೈ ಇಟ್ಟಳು. ಅವನು ತಡೆಯಲಿಲ್ಲ. "ನಾನು ತಗೊಂಡು ಹೋಗ್ಬೇಕಮ್ಮ" ಎಂದ.

ಎಂಥ ಅನ್ಯಾಯ ನೋಡಿ. ಬುದ್ಧಿ ತಿದ್ದಿದ ಶೀತ ಬಾಗಿಲಲ್ಲಿ ಕಾಯುತ್ತಿತ್ತು, ಬುದ್ಧಿ ಇಲ್ಲದ ಶೀತ ಮೊದಲೇ ಒಳಗೆ ಹೋಗಿ ಕೂತಿತ್ತು. ಹೊಟ್ಟೆ ಉರಿಯುತ್ತದೆ.

"ನನ್ನ ಡ್ರೈವರ್‌ಗಳು?" ಎಂದು ಕೇಳಿದ ಲೆಶೆಕ್, ಅವಳು ಮರಳಿ ಬಂದಾಗ.

"ಲ್ಯಾಬಿಗೆ ವಾಪಸ್ ಹೋದವು" ಎಂದಳು ಟಮೇಕಾ.

"ಲೋಡ್ ಸಮೇತಾನಾ?"

"ಹೂಂ."

"ಪಾಪ. ವಿಳಾಸ ಗೊತ್ತಿತ್ತು ಅವಕ್ಕೆ" ಎಂದು ಗೋಡೆಯ ಕಡೆ ತಿರುಗಿಕೊಂಡ.

ಶೀತ ಎದೆಗಿಳಿದು ನ್ಯುಮೋನಿಯಾ ಆಯಿತು. ಜನವರಿ ಪೂರ್ತಿ ಅದರಲ್ಲೇ ಹೋಯಿತು. ಉಸಿರು ಸರಿಹೋದ ಮೇಲೆ ಮತ್ತೆ ತಲೆಯ ಚಿತ್ರ ತೆಗೆದರೆ, ಗಡ್ಡೆ ಮೆದುಳಿನ ನಡುಗೆರೆ ದಾಟಿ ಇನ್ನೊಂದು ಪಕ್ಕಕ್ಕೂ ಹೋಗಿತ್ತು. ಅಷ್ಟು ಹರಡಿದವರನ್ನು ಈ ಪರೀಕ್ಷೆಗೆ ತೆಗೆದುಕೊಳ್ಳುವಂತಿಲ್ಲ. ಲೆಶೆಕ್‌ನ ಜಾಗ ಇನ್ಯಾರಿಗೋ ಹೋಯಿತು. ಅವರಾದರೂ ಬದುಕಲಿ ಎಂದು ಇರ್ಮಿನಾ ಬಾಯಲ್ಲಿ ಅಂದಳು. ಮನಸ್ಸಿನಲ್ಲಿ ಅನ್ನಲಾಗಲಿಲ್ಲ.

ಮನೆಗೆ ಕರೆತಂದ ದಿನ ಅವಳು ಅವನ ಹಾಸಿಗೆಯ ಪಕ್ಕ ಮೊಣಕಾಲೂರಿ ಗೋಳಾಡಿದಳು. "ನಾನೇ ಕೊಂದೆ ನಿನ್ನ. ನಾನೇ ಫೋನ್ ಮಾಡಿ ಕರೆಸ್ದೆ. ಕೆಮ್ತಿದ್ದ, ಕಣ್ಣಾರೆ ನೋಡಿದೆ, ಆದ್ರೂ ಒಳಗೆ ಬಿಟ್ಟೆ."

ಲೆಶೆಕ್‌ಗೆ ಆಗಲೇ ಮಾತು ತಡವರಿಸುತ್ತಿತ್ತು. ಒಂದೊಂದು ಪದವನ್ನೂ ಹುಡುಕಿ ಹುಡುಕಿ ತರಬೇಕಿತ್ತು. "ಮೂತಿದು... ಬಟ್ಟೆ... ಎಳೆದಿದ್ದು ನಾನು."

"ಅವನು ಬಂದಿದ್ದು ಒಳ್ಳೇದಾಯ್ತು ಅನ್ನು ಲೆಶೆಕ್. ಅಷ್ಟಾದ್ರೂ ಅನ್ನು."

ಈ ಮಾತಿಗೆ ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ.

"ಅವನೂ ಬೇಕಿತ್ತು" ಎಂದ. "ಬದುಕೋಕೂ... ಆಸೆ ಇತ್ತು ಇರ್ಮಾ. ಎರಡೂ ಬೇಕಿತ್ತು."

ಇರ್ಮಿನಾ ಹಾಸಿಗೆಯ ಅಂಚಿಗೆ ಹಣೆ ಹಚ್ಚಿದಳು. ಅವನ ಕೈ ಅವಳ ಕೂದಲನ್ನು ಹುಡುಕಿಕೊಂಡು ಬಂತು.

"ಮಿರೆಕ್‌ಗೆ... ಹೇಳ್ಬೇಡ. ಯಾವತ್ತೂ. ಆಣೆ ಇಡು."

"ಹೇಳ್ದೆ ಹೆಂಗಿರ್ಲಿ? ಎದುರಿಗೆ ಬಂದಾಗೆಲ್ಲ..."

"ಆಣೆ ಇಡು."

ಇಟ್ಟಳು. ದೊರೋತಾಳಿಂದಲೂ ಇಡಿಸಿದಳು. ಮಿರೆಕ್‌ಗೆ, ಗಡ್ಡೆ ಮೊದಲೇ ಹರಡಿತ್ತಂತೆ, ಡಾಕ್ಟರಿಗೆ ತಡವಾಗಿ ಕಂಡಿತಂತೆ, ಎಂದು ಹೇಳಿದರು. ಅವನು ಕೆಲಸ ಬಿಟ್ಟು ದಿನವೂ ಬಂದ. ಅಣ್ಣನಿಗೆ ಗಡ್ಡ ಹೆರೆದ, ಬೆನ್ನು ತಿಕ್ಕಿದ, ಮಗುವಿನ ಹಾಗೆ ಎತ್ತಿ ಕಿಟಕಿಯ ಬಳಿ ಕೂರಿಸಿದ. ದೊರೋತಾ ಅವನ ಮುಂದೆ ಚಹಾದ ಲೋಟ ಕುಕ್ಕಿ ಇಡುತ್ತಿದ್ದಳು. "ಮಗಳಿಗೆ ನನ್ನ ಮೇಲೆ ಯಾಕಿಷ್ಟು ಸಿಟ್ಟು ಅತ್ತಿಗೆ?" ಎಂದು ಅವನು ಕೇಳಿದರೆ, "ನಿದ್ದೆ ಇಲ್ವಲ್ಲ ಅವಳಿಗೆ" ಎಂದು ಇರ್ಮಿನಾ ತೇಲಿಸಿಬಿಡುತ್ತಿದ್ದಳು.

ಮಾರ್ಚಿನಲ್ಲಿ ಲೆಶೆಕ್ ಹೋದ. ಪೋಲೆಂಡಿನ ಊರಿನಲ್ಲೇ ಉಳಿದಿದ್ದ ಅಣ್ಣತಮ್ಮಂದಿರ ಅಕ್ಕ ಹೊರಟ ವಿಮಾನ ತಡವಾಯಿತು. ಸ್ಮಶಾನದಲ್ಲಿ ಪಾದ್ರಿ ಗಡಿಯಾರ ನೋಡಿದರು, ಪೆಟ್ಟಿಗೆ ಇಳಿಸುವವರು ಕಾಲು ಬದಲಾಯಿಸಿದರು. ಮಿರೆಕ್ ಗುಂಡಿಗೆ ಅಡ್ಡ ನಿಂತು, "ಕಾಯ್ತೀವಿ. ಎಷ್ಟು ಹೊತ್ತಾದ್ರೂ ಕಾಯ್ತೀವಿ" ಎಂದ. ಆ ಕೊರೆಯುವ ಗಾಳಿಯಲ್ಲಿ ಎಲ್ಲರೂ ಅಕ್ಕ ಬರುವವರೆಗೂ ಕಾದರು.

ಮತ್ತೆ ಡಿಸೆಂಬರ್ ಬಂತು. ಈ ವರ್ಷ ಯಾರಿಗಾಗಿ ಹಬ್ಬ ಎಂದು ದೊರೋತಾ ಕೇಳಲಿಲ್ಲ; ತಾನೇ ಬಂದು ಹಿಟ್ಟು ಕಲಸಿದಳು. ಇರ್ಮಿನಾ ಮತ್ತೆ ನಾಲ್ಕು ತಟ್ಟೆ ಇಟ್ಟಳು. ಮೂರು ಜನಕ್ಕೆ ಮೂರು, ಹೆಚ್ಚಿಗೆ ಒಂದು. ಮಿರೆಕ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊತ್ತಿಗೆ ಸರಿಯಾಗಿ ಬಂದ. ಬಾಗಿಲಲ್ಲಿ ನಿಂತು ತಾನೇ ಡಬ್ಬಿಯಿಂದ ಮಾಸ್ಕ್ ತೆಗೆದುಕೊಳ್ಳಲು ಹೋದ. ಆ ಡಬ್ಬಿಯನ್ನು ಎತ್ತಿಟ್ಟು ಎಷ್ಟೋ ತಿಂಗಳಾಗಿತ್ತು.

ಒಪ್ವಾತೆಕ್ ಹಿಡಿದು ಅವನು ಮೊದಲು ಅತ್ತಿಗೆಯ ಬಳಿ ಬಂದ.

"ಈ ಸಲ ನೆಗಡಿ ಇಲ್ಲ ಅತ್ತಿಗೆ. ಫ್ಲೂ ಬರದ ಹಾಗೆ ಸೂಜೀನೂ ಚುಚ್ಚಿಸ್ಕೊಂಡೇ ಬಂದೆ." ನಗಲು ನೋಡಿದ. ಆಗಲಿಲ್ಲ. "ಒಂದು ಮಾತು ಕೇಳ್ಬೇಕಿತ್ತು. ವರ್ಷದಿಂದ ಕೇಳೋಕೆ ಧೈರ್ಯ ಇಲ್ಲ. ಆವತ್ತು ನಾನು ಕೆಮ್ಕೊಂಡು ಬಂದ್ನಲ್ಲ... ಅದ್ರಿಂದ ಅಣ್ಣನಿಗೆ ಏನೂ ಆಗ್ಲಿಲ್ಲ ಅಲ್ವಾ?"

ಒಲೆಯ ಬಳಿ ದೊರೋತಾಳ ಕೈಯಲ್ಲಿದ್ದ ಸೌಟು ನಿಂತಿತು. ಅವಳು ತಾಯಿಯನ್ನು ನೋಡಿದಳು. ಹೇಳಿಬಿಡು, ಎಂದಿತು ಆ ನೋಟ. ಇರ್ಮಿನಾಳ ನಾಲಿಗೆಯ ತುದಿಗೇ ಬಂದಿತ್ತು. ಬಿಳಿ ಪೆಟ್ಟಿಗೆ, ಎರಡನೇ ಜ್ವರದ ಕಡ್ಡಿ, ಎರಡೂ ಬೇಕಿತ್ತು ಎಂದ ಆ ತಡವರಿಸುವ ಬಾಯಿ, ಎಲ್ಲವನ್ನೂ ಇವನ ತಲೆಯ ಮೇಲೆ ಸುರಿದು ಹಗುರಾಗಿಬಿಡಬಹುದಿತ್ತು. ದೇವರೇ, ಎಷ್ಟು ಹಗುರಾಗುತ್ತಿತ್ತು.

"ಏನೂ ಆಗ್ಲಿಲ್ಲ ಮಿರೆಕ್" ಎಂದಳು. "ಮುರಿ."

ಅವನು ಮುರಿದ. ಅವಳೂ ಮುರಿದಳು. ಹರಸಬೇಕಲ್ಲ. "ಆರೋಗ್ಯವಾಗಿರು" ಎಂದಳು. ಮಿರೆಕ್ ಅವಳ ಭುಜಕ್ಕೆ ಮುಖ ಹಚ್ಚಿ, ವರ್ಷದಿಂದ ಹಿಡಿದಿಟ್ಟ ಉಸಿರನ್ನೆಲ್ಲ ಬಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಇರ್ಮಿನಾ ಅವನ ಬೆನ್ನು ತಟ್ಟುತ್ತ, "ಏನೂ ಆಗ್ಲಿಲ್ಲ ಕಣೋ, ಏನೂ ಆಗ್ಲಿಲ್ಲ" ಎನ್ನುತ್ತಲೇ ಇದ್ದಳು. ಅವನ ಹೆಗಲ ಆಚೆಗೆ ಹೆಚ್ಚಿಗೆ ಇಟ್ಟ ತಟ್ಟೆ ಕಾಣುತ್ತಿತ್ತು. ಗಂಟೆ ಒತ್ತಿ ಬರಲಿ ಎಂದು ಅವಳು ಕಾಯುವವರು ಇನ್ನು ಯಾರೂ ಉಳಿದಿರಲಿಲ್ಲ.